ವೆಂಕೋಬ ಮಾಸ್ತರರ ಮೂರು ಬಣ್ಣದ ದಾರ

ವೆಂಕೋಬ ಮಾಸ್ತರರು ಎದುರಾದವರ ಮುಖ ನೋಡುತ್ತಿರಲಿಲ್ಲ. ತಲೆಯ ಸುತ್ತಳತೆ ನೋಡುತ್ತಿದ್ದರು. ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ಶಹಾಪುರದ ಶಾಲೆಯಲ್ಲಿ ಅವರು ಇತಿಹಾಸ ಕಲಿಸುತ್ತಿದ್ದರು, ನಾನು ಲೆಕ್ಕ. ಈ ಸೀಮೆಯಲ್ಲಿ ಮೂರು ಜನಾಂಗಗಳಿವೆ, ಅವು ಎಂದೂ ಬೆರೆತಿಲ್ಲ, ತಲೆಬುರುಡೆಯೇ ಸಾಕ್ಷಿ ಎಂದು ಸಾಧಿಸುವ ಗ್ರಂಥವೊಂದನ್ನು ಬರೆಯುತ್ತಿದ್ದರು. ಸುರಪುರದಿಂದ ವನದುರ್ಗದವರೆಗೆ ಅಲೆದು, ಕೂಸಿನಿಂದ ಮುದುಕರವರೆಗೆ ಸಿಕ್ಕವರ ತಲೆಗೆ ದಾರ ಸುತ್ತಿ, ಅಳತೆಗೆ ಕತ್ತರಿಸಿ ತರುತ್ತಿದ್ದರು. ಆರ್ಯರಿಗೆ ಕೆಂಪು, ದ್ರಾವಿಡರಿಗೆ ಬಿಳಿ, ತುರ್ಕರಿಗೆ ಹಸಿರು. ಯಾರು ಯಾರೆಂದು ಮೊದಲೇ ಹೇಗೆ ತಿಳಿಯುತ್ತದೆಂದು ಕೇಳಿದೆ.

“ನೋಡಿದ್ರ ಗೊತ್ತಾಗಂಗಿಲ್ಲೇನೊ?”

“ಮತ್ತ ಅಳೆಯೋದು ಯಾಕ್ರಿ?”

“ಲೆಕ್ಕದ ಮಾಸ್ತರ, ನೀ ಸುಮ್ನ ಕುಂದ್ರು.”

ನನ್ನ ತಲೆಗೆ ಮಾತ್ರ ಕೆಂಪು, ಬಿಳಿ ಎರಡೂ ಸುತ್ತಿ, “ನಿಂದು ನೋಡಬೇಕು” ಎಂದಿದ್ದರು. ಆ ಒಂದು ಮಾತಿಗೆ ನಾನು ವಾರಗಟ್ಟಲೆ ಕನ್ನಡಿಯ ಮುಂದೆ ನಿಂತೆ. ಮದುವೆ ಬೇರೆ ಗೊತ್ತಾಗಿತ್ತು.

ಕಡೆಗೊಮ್ಮೆ ಹೈದರಾಬಾದಿನ ವಿದ್ವಾಂಸರು ಸಾಕ್ಷ್ಯ ಸಮೇತ ಬರಹೇಳಿದರು. ಸಾಕ್ಷ್ಯವೆಂದರೆ ದಾರಗಳು; ಮಾಸ್ತರರ ಆಯುಷ್ಯದ ದುಡಿಮೆಯೆಲ್ಲ ಒಂದು ಗಂಟಿನಲ್ಲಿತ್ತು. ಹೊರಡುವ ಹಿಂದಿನ ದಿನ ನಾವಿಬ್ಬರೂ ಅವರ ಮನೆಗೆ ಬಂದರೆ ಗಂಟೇ ಇಲ್ಲ.

“ಗೋಗಿ ಊರಿನ ಹೆಣ್ಮಕ್ಕಳು ಬಂದಿದ್ರು. ಕೂಸುಗೋಳಿಗೆ ಜ್ವರ ಅಂದ್ರು. ಯಾರ ದಾರ ಯಾವುದು ತಿಳೀಲಿಲ್ಲ, ಎಲ್ಲಾ ಒಯ್ದ್ರು,” ಎಂದರು ಅವರ ಹೆಂಡತಿ, ಜೋಳ ಹಸನು ಮಾಡುತ್ತ.

ಜ್ವರ ಬಂದ ಕೂಸಿನ ತಲೆಯನ್ನು ದಾರದಿಂದ ಅಳೆದು ಗೋಗಿಯ ದರ್ಗಾದ ಜಾಲರಿಗೆ ಕಟ್ಟುವುದು ಆ ಕಡೆ ಎಲ್ಲರ ರೂಢಿ. ಮಾಸ್ತರರು ಅಳೆದದ್ದೂ ಹರಕೆಗೇ ಎಂದು ತಾಯಂದಿರು ತಿಳಿದಿದ್ದರು. ಅಳೆದ ದಾರ ಕಟ್ಟದೆ ಮನೆಯಲ್ಲಿಟ್ಟುಕೊಂಡಿದ್ದಕ್ಕೇ ಜ್ವರ ಬಂತೆಂದು ಸಿಟ್ಟಾಗಿದ್ದರು.

ಮಾಸ್ತರರು ಕತ್ತರಿ ಹಿಡಿದು ಟಾಂಗಾ ಏರಿದರು. ಪಕ್ಕದಲ್ಲಿ ನಾನು, ಜನ ಹೊಡೆದರೆ ಯಾವ ಕಡೆ ಓಡುವುದೆಂದು ಯೋಚಿಸುತ್ತ. ಗೋಗಿಯ ದರ್ಗಾದ ಜಾಲರಿಯ ತುಂಬ ಕೆಂಪು, ಹಸಿರು, ಬಿಳಿ ಒಂದರೊಳಗೊಂದು ಸಿಕ್ಕುಗಟ್ಟಿದ್ದವು. ಕತ್ತರಿ ಎತ್ತಿದ್ದೇ ಕೂಸು ಹೊತ್ತ ಒಬ್ಬಾಕೆ ಅಡ್ಡ ಬಂದಳು.

“ಏ ಮಾಸ್ತರ, ಕಡೀರಿ ನೋಡೋಣು! ಮುಂಜಾನಿ ಇದರ ಜ್ವರ ಇಳದೈತಿ. ಇದರ ದಾರ ಯಾವುದು ಹೇಳ್ರಿ. ಅದೊಂದು ಬಿಟ್ಟು ಉಳದದ್ದು ಒಯ್ರಿ.”

ಮಾಸ್ತರರು ಬಗ್ಗಿ ದಾರಗಳನ್ನು ಬಹಳ ಹೊತ್ತು ನೋಡಿದರು. ಕೂಸು ಅವರ ರುಮಾಲು ಎಳೆಯಿತು. ಕತ್ತರಿ ನನ್ನ ಕೈಗೆ ಕೊಟ್ಟು ಅದರ ಹಣೆ ಮುಟ್ಟಿದರು.

“ಇನ್ನೂ ತುಸು ಬೆಚ್ಚಗ ಐತಲ್ಲವ್ವಾ.”

ಹೈದರಾಬಾದಿಗೆ ಅವರು ಹೋಗಲೇ ಇಲ್ಲ. ನಿಜಾಮರ ಆಳ್ವಿಕೆ ಮುಗಿದ ಮೇಲೆ ನನಗೆ ಯಾದಗಿರಿಗೆ ವರ್ಗವಾಯಿತು. ಹೇಳಿಹೋಗಲು ಅವರ ಮನೆಗೆ ಹೋದೆ. ಅದೇ ಕಡೆಯ ಭೇಟಿ. ಮಾಸ್ತರರು ಅಳೆದ ದಾರಕ್ಕೆ ಜ್ವರ ಬೇಗ ಇಳಿಯುತ್ತದೆಂದು ಸುದ್ದಿಯಾಗಿ, ಕಟ್ಟೆಯ ತುಂಬ ತಾಯಂದಿರು ಕುಳಿತಿದ್ದರು. ಮಾಸ್ತರರು ಕೂಸುಗಳ ತಲೆಗೆ ಕೈಗೆ ಸಿಕ್ಕ ಬಣ್ಣದ ದಾರ ಸುತ್ತುತ್ತಿದ್ದರು.

“ಗ್ರಂಥ ಎಲ್ಲಿಗೆ ಬಂತ್ರಿ?” ಎಂದೆ.

“ಬರ್ಯಾಕ ಕುಂತೆ ಅಂದ್ರ ಯಾವುದಾದ್ರೊಂದು ಕೂಸು ಕೆಮ್ಮತೈತಿ. ಏನು ಮಾಡ್ಲಿ?” ಎಂದು ಹಲ್ಲಿನಿಂದ ದಾರ ಕಡಿದರು.