ಅಣ್ಣನ ಮನೆಯ ಬಿಟ್ಟಿ ಸೈಕಲ್ ಸ್ಟ್ಯಾಂಡು

ತಿಂದದ್ದಕ್ಕೆ ದುಡ್ಡು ಕೊಡಿ ಎಂದರೆ ಕೊಡುತ್ತೇನೆ. ಉಟ್ಟದ್ದಕ್ಕೂ ಸ್ವಲ್ಪ ಚೌಕಾಸಿ ಮಾಡಿಯಾದರೂ ಕೊಡುತ್ತೇನೆ. ಆದರೆ ನನ್ನದೇ ಸೈಕಲ್ಲು, ನಾನೇ ಬೆವರು ಸುರಿಸಿ ತುಳಿದು ತಂದದ್ದು, ಒಂದು ಕಡೆ ಸುಮ್ಮನೆ ನಿಂತಿತೆಂದು ದುಡ್ಡು ಕೇಳಿದರೆ ನನ್ನ ಕೈ ಜೇಬಿನ ಬಾಯಿಯವರೆಗೆ ಹೋಗಿ ಅಲ್ಲೇ ನಿಂತುಬಿಡುತ್ತದೆ. ಓಡುವುದಕ್ಕೆ ಬಾಡಿಗೆ ಉಂಟು, ಸರಿ. ನಿಲ್ಲುವುದಕ್ಕೂ ಬಾಡಿಗೆಯೇ? ಹಾಗಾದರೆ ನಾಳೆ ನಾನು ಬೀದಿಯಲ್ಲಿ ಯಾರೊಡನೆಯೋ ಮಾತಾಡುತ್ತ ನಿಂತರೆ ನನಗೂ ಚೀಟಿ ಹರಿದು ಕೊಟ್ಟಾರು.

ಈ ತತ್ತ್ವ ನನ್ನಲ್ಲಿ ಗಟ್ಟಿಯಾದದ್ದು ದಾವಣಗೆರೆಗೆ ಎಕ್ಸಿಬಿಷನ್ ಬಂದ ವರ್ಷ. ಆಣೆ ಹೋಗಿ ನಯಾಪೈಸೆ ಬಂದಿದ್ದರೂ ಎಲ್ಲರ ಬಾಯಲ್ಲಿ ಆಣೆಯೇ ಉಳಿದಿದ್ದ ಕಾಲ. ಊರಿನ ಅಂಚಿನ ಬಯಲಿನಲ್ಲಿ ಒಂದು ತಿಂಗಳು ಮರಣಬಾವಿ, ಮಾತಾಡುವ ಗೊಂಬೆ, ತಟ್ಟೆಯಗಲದ ಹಪ್ಪಳ, ಎಲ್ಲಕ್ಕಿಂತ ಮಿಗಿಲಾಗಿ ಮುಗಿಲಿಗೆ ಮುಟ್ಟುವ ತಿರುಗುವ ತೊಟ್ಟಿಲು. ನಾನಾಗ ಹರಿಹರದಲ್ಲಿ ಮಾಸ್ತರ. ಹೊಸದಾಗಿ ಮದುವೆಯಾಗಿತ್ತು. ಹೆಂಡತಿ ಪಾರ್ವತಿ ತೊಟ್ಟಿಲು ಹತ್ತಬೇಕೆಂದಳು. ನಾನು ಕೂಡಲೇ ಲೆಕ್ಕಕ್ಕೆ ಕೂತೆ. ಬಸ್ಸಿನಲ್ಲಿ ಹೋದರೆ ಇಷ್ಟು, ರೈಲಿನಲ್ಲಿ ಹೋಗಿ ಸ್ಟೇಷನ್ನಿನಿಂದ ಜಟಕಾ ಹಿಡಿದರೆ ಅಷ್ಟು. ಎರಡಕ್ಕಿಂತಲೂ ಕಮ್ಮಿ ಎಂದರೆ ನನ್ನ ಸೈಕಲ್ಲು. ಹಿಂದಿನ ಕ್ಯಾರಿಯರ್‌ ಮೇಲೆ ಕಂಬಳಿ ಮಡಚಿ ಹಾಕಿ ಅವಳನ್ನು ಕೂರಿಸಿದರೆ ಅದೇ ಫಸ್ಟ್ ಕ್ಲಾಸು. ಎದುರುಗಾಳಿಗೆ ನನ್ನ ತೊಡೆಗಳು ಪದ ಹೇಳುತ್ತಿದ್ದವು, ಅವಳ ಸೊಂಟವೂ ಅದೇ ಧಾಟಿಯಲ್ಲಿ ಹಾಡುತ್ತಿತ್ತು ಎಂದು ಆಮೇಲೆ ತಿಳಿಯಿತು. ಇರಲಿ, ಅದಕ್ಕೆ ಟಿಕೀಟಿಲ್ಲ.

ಮಿತವ್ಯಯವೆಂಬುದು ಹರಿಹರದವರಿಗೆ ದೇವರೇ ಹೇಳಿಕೊಟ್ಟ ವಿದ್ಯೆ. ಬೇರೆ ಊರುಗಳಲ್ಲಿ ಹರಿಗೊಂದು ಗುಡಿ, ಹರನಿಗೊಂದು ಗುಡಿ. ನಮ್ಮಲ್ಲಿ ಇಬ್ಬರೂ ಒಂದೇ ಮೈಯಲ್ಲಿ ಅರ್ಧರ್ಧ ನಿಂತು ಒಂದೇ ಗರ್ಭಗುಡಿಯಲ್ಲಿ ಸಂಸಾರ ಸಾಗಿಸುತ್ತಿದ್ದಾರೆ. ಒಂದೇ ದೀಪ, ಒಂದೇ ನೈವೇದ್ಯ. ಇನ್ನು ವಾಹನದ ಮಾತು. ಯಾವ ಶಿವಾಲಯಕ್ಕೆ ಬೇಕಾದರೂ ಹೋಗಿ ನೋಡಿ, ನಂದಿ ಬಾಗಿಲೆದುರಿಗೇ ಕೂತಿರುತ್ತಾನೆ. ಯುಗಯುಗಗಳಿಂದ ಅಲ್ಲೇ ಇದ್ದಾನೆ. ಇದುವರೆಗೆ ಯಾರಾದರೂ ಬಂದು "ಚೀಟಿ ತಗೊಂಡೀರೇನ್ರಿ?" ಎಂದು ಶಿವನನ್ನು ಕೇಳಿದ್ದುಂಟೆ?

ಆದರೆ ಎಕ್ಸಿಬಿಷನ್ ಬಾಗಿಲಲ್ಲಿ ಕೇಳುವವನೊಬ್ಬನಿದ್ದ, ಬಾಬುಸಾಬ. ಬಯಲಿನ ಪಕ್ಕ ಗಳ ನೆಟ್ಟು, ಹಗ್ಗ ಕಟ್ಟಿ, ಮೇಲೆ ಗೋಣಿತಟ್ಟು ಹೊದಿಸಿ ಸೈಕಲ್ ಸ್ಟ್ಯಾಂಡು ಮಾಡಿದ್ದ. ಸೈಕಲ್ಲಿಗೆ ಒಂದಾಣೆ. ನನ್ನ ಪುಣ್ಯಕ್ಕೆ ಅವನ ಸ್ಟ್ಯಾಂಡಿನ ಎದುರಿಗೇ ನಮ್ಮ ದೊಡ್ಡಪ್ಪನ ಮಗ ರುದ್ರಣ್ಣನ ಮನೆ. ಅಣ್ಣನದು ಅರಳೆ ದಲಾಲಿ, ಮನೆ ಮುಂದೆ ಗಾಡಿ ತಿರುಗಿಸುವಷ್ಟು ಅಂಗಳ. ಅಲ್ಲಿ ಸೈಕಲ್ ಒರಗಿಸಿದರೆ ಒಂದಾಣೆ ಉಳಿಯಿತು. ಹಾಗೆ ಒರಗಿಸಿ ಹಾಗೇ ಹೋಗಲು ಅಣ್ಣ ಬಿಟ್ಟಾನೆಯೇ? "ಬರ್ರಿ, ಕೂಡ್ರಿ. ಚಹಾ ಕುಡೀದೆ ಹೆಂಗೆ ಹೋಗ್ತೀರಿ?" ಎಂದು ಪಡಸಾಲೆಯಿಂದಲೇ ಕೂಗುತ್ತಿದ್ದ. ಒಳಗಿನಿಂದ ಒಗ್ಗರಣೆ ಮಂಡಕ್ಕಿ, ಬಿಸಿ ಮೆಣಸಿನಕಾಯಿ ಬಜ್ಜಿ, ಚಹಾ ಬರುತ್ತಿದ್ದವು. ಸ್ಟ್ಯಾಂಡಿನಲ್ಲಿ ಬಿಟ್ಟಿದ್ದರೆ ಒಂದಾಣೆ ಹೋಗಿ ಚೀಟಿ ಸಿಗುತ್ತಿತ್ತು. ಇಲ್ಲಿ ಒಂದಾಣೆ ಉಳಿದು ಮೆಣಸಿನಕಾಯಿ ಸಿಕ್ಕಿತು. ಆ ತಿಂಗಳಲ್ಲಿ ಹೀಗೆ ಎರಡು ಸಲ ಹೋಗಿ ಬಂದೆವು. ತೊಟ್ಟಿಲೂ ಹತ್ತಿದೆವು. ನನ್ನ ಜಾಣತನವನ್ನು ಹರಿಹರದ ನಾಲ್ಕು ಜನ ಸ್ನೇಹಿತರಿಗೆ ಹೇಳಿಕೊಳ್ಳದೆ ಇರಲು ನನ್ನಿಂದಾಗಲಿಲ್ಲ. ಅವರು ತಮ್ಮ ಸ್ನೇಹಿತರಿಗೆ ಹೇಳಿಕೊಂಡರು.

ಮೂರನೆಯ ಸಲ ಹೋದದ್ದು ಕೊನೆಯ ದಿನ, ಭಾನುವಾರ. ಮರುದಿನ ಬೆಳಿಗ್ಗೆ ತೊಟ್ಟಿಲು ಬಿಚ್ಚಿ ಗೂಡ್ಸ್ ರೈಲಿಗೆ ಹಾಕುತ್ತಾರೆಂದು ಸುದ್ದಿ. ಅಣ್ಣನ ಅಂಗಳಕ್ಕೆ ಬಂದರೆ ಒರಗಿಸಲು ಗೋಡೆಯೇ ಇಲ್ಲ. ಪತ್ರೆ ಗಿಡಕ್ಕೆ ನಾಲ್ಕು ಸೈಕಲ್ಲು, ಅರಳೆ ಮೂಟೆಗಳಿಗೆ ಹತ್ತಾರು, ಮಿಕ್ಕವು ಒಂದರ ಮೇಲೊಂದು. ಪಡಸಾಲೆಯ ತುಂಬ ಹರಿಹರದ ಮುಖಗಳು, ಕೈಯಲ್ಲಿ ಮಂಡಕ್ಕಿ ತಟ್ಟೆ. ಹರಿಹರದಾಚೆಯ ಭಾನುವಳ್ಳಿಯಿಂದ ಬಂದವರೂ ಇಬ್ಬರಿದ್ದರು, ಅವರು ಯಾರ ಕಡೆಯವರೆಂದು ಅಣ್ಣನಿಗೂ ಗೊತ್ತಿರಲಿಲ್ಲ. ನಾನು ಜಾಗ ಹುಡುಕುತ್ತಿರುವಾಗ ಹಿಂದಿನಿಂದ ಇನ್ನೊಂದು ಸೈಕಲ್ಲು ಬಂತು. ತಿರುಗಿ ನೋಡಿದರೆ ಬಾಬುಸಾಬ!

"ಏನ್ ಸಾಬ್ರೆ, ನೀವೂ ಇಲ್ಲೇ ನಿಲ್ಲಸ್ತೀರೇನು?" ಎಂದೆ.

"ಮತ್ತೇನ್ ಮಾಡ್ಲಿ ಮಾಸ್ತರ? ನಂದು ಅಲ್ಲಿಟ್ರೆ ಒಂದು ಗಿರಾಕಿ ಜಾಗ ಹೋಗ್ತೈತೆ" ಎಂದ ಬಾಬುಸಾಬ. ಚಹಾ ಕುಡಿದೇ ಹೋದ.

ಅತ್ತಿಗೆಯನ್ನು ನೋಡಲು ಒಳಗೆ ಹೋದ ಪಾರ್ವತಿ ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ಬಂದಾಗ ಮುಖ ಕೆಂಪಗಾಗಿತ್ತು. ಭಾವನ ಎದುರು ನೇರವಾಗಿ ಮಾತಾಡುವ ರೂಢಿ ಆಗ ಇರಲಿಲ್ಲ. ಆದ್ದರಿಂದ ಅವಳು ನನ್ನ ಮುಖ ನೋಡುತ್ತ, ಅಣ್ಣನಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು.

"ಗೌರಕ್ಕ ಒಂದಿನನೂ ಎಕ್ಸಿಬಿಷನ್ ಒಳಗೆ ಕಾಲಿಟ್ಟಿಲ್ಲಂತೆ. ತಿಂಗಳಿಂದ ಅಡಿಗೆ ಮನಿ ಕಿಟಕ್ಯಾಗೆ ತೊಟ್ಟಿಲು ನೋಡಿಕೋತ ಮೆಣಸಿನಕಾಯಿ ಕರೀತಾಳೆ. 'ಮ್ಯಾಲಿಂದ ಕೆಳಗೆ ಬರೋವಾಗ ಹೊಟ್ಟ್ಯಾಗೆ ಹೆಂಗಾಗ್ತೈತೆ ಪಾರ್ವತಿ?' ಅಂತ ನನ್ನ ಕೇಳಿದ್ಲು. ನಾ ಏನಂತ ಹೇಳ್ಲಿ?"

ಗೌರತ್ತಿಗೆ ಎಂದರೆ ಬಾಗಿಲ ಹಿಂದಿನ ಬಳೆ ಸದ್ದು, ಅಷ್ಟೇ. ಆಕೆ ಒಂದು ಮಾತನ್ನು ಗಟ್ಟಿಯಾಗಿ ಆಡಿದ್ದನ್ನು ನಾನು ಕೇಳಿದವನಲ್ಲ. ಅಣ್ಣ ಗೊಂದಲಕ್ಕೆ ಬಿದ್ದ. "ನಾನೇನು ಬ್ಯಾಡ ಅಂದೀನೇನು? ಮನಿ ಮುಂದೇ ಐತಲ್ಲ, ಯಾವಾಗ ಬೇಕಾದ್ರೂ ಹೋಗಬಹುದು ಅಂತ ಸುಮ್ಮನಿದ್ದೆ" ಎಂದ.

"ಹಂಗಾದ್ರೆ ಈಗ ಹೋಗ್ತೀವಿ ಅಂತ ಹೇಳ್ರಿ" ಎಂದಳು ಪಾರ್ವತಿ ನನಗೆ.

ಒಳಗಿನಿಂದ ಅತ್ತಿಗೆಯ ದನಿ ಕ್ಷೀಣವಾಗಿ ಬಂತು. "ಒಲೆ ಮ್ಯಾಲೆ ಎಣ್ಣೆ ಐತೆ ಪಾರ್ವತಿ. ಬಂದೋರಿಗೆ ಚಹಾ ಆಗಬೇಕಲ್ಲ?"

"ಇವರು ಅದಾರೆ" ಎಂದು ಪಾರ್ವತಿ ಜಾಲರಿ ಸೌಟನ್ನು ತಂದು ನನ್ನ ಕೈಗೆ ಕೊಟ್ಟಳು. ಇಬ್ಬರೂ ಸೆರಗು ಸರಿಮಾಡಿಕೊಂಡು ಹೊರಟೇ ಹೋದರು.

ಆಮೇಲಿನ ಕತೆಯನ್ನು ವಿಸ್ತರಿಸಲಾರೆ. ಕಡಲೆಹಿಟ್ಟಿನಲ್ಲಿ ಅದ್ದಿದ ಮೆಣಸಿನಕಾಯಿ ಎಣ್ಣೆಗೆ ಬಿದ್ದೊಡನೆ ಹಿಟ್ಟೊಂದು ಕಡೆ, ಕಾಯೊಂದು ಕಡೆ ಹೋಗುತ್ತವೆಂದು ನನಗೆ ಯಾವ ಟ್ರೇನಿಂಗ್ ಕಾಲೇಜಿನಲ್ಲೂ ಹೇಳಿಕೊಟ್ಟಿರಲಿಲ್ಲ. ಅಣ್ಣ ಸಕ್ಕರೆ ಡಬ್ಬಿ ಹುಡುಕುತ್ತ ತನ್ನದೇ ಅಡಿಗೆಮನೆಯಲ್ಲಿ ಬೀಗರಂತೆ ಓಡಾಡಿದ. ಹೊರಗೆ ಸೈಕಲ್ ಬೆಲ್ಲು ನಿಲ್ಲಲೇ ಇಲ್ಲ. ಕೊನೆಗೆ ಇದನ್ನು ಬಾಗಿಲಲ್ಲೇ ತಡೆಯಬೇಕೆಂದು ಅಂಗಳಕ್ಕೆ ಹೋಗಿ ನಿಂತೆ.

"ಎದುರಿಗೇ ಸ್ಟ್ಯಾಂಡ್ ಐತ್ರಿ. ಒಂದೇ ಒಂದಾಣೆ. ಚೀಟಿ ಕೊಡ್ತಾರೆ, ನೆರಳೈತೆ, ಕಾವಲೈತೆ!"

ಬಂದವರು ನನ್ನ ಸ್ನೇಹಿತರೇ. "ನಿಮ್ಮ ಸೈಕಲ್ಲು ಎಲ್ಲೈತ್ರಿ ಮಾಸ್ತರ?" ಎಂದು ಕೇಳಿ, ನಕ್ಕು, ನನ್ನದಕ್ಕೇ ತಮ್ಮದನ್ನು ಒರಗಿಸಿ ಒಳಗೆ ಹೋದರು. ಆ ಕಡೆಯಿಂದ ಬಾಬುಸಾಬ ಎರಡೂ ಕೈ ಎತ್ತಿ ನನಗೊಂದು ಸಲಾಮು ಹೊಡೆದ. ತಿಂಗಳಲ್ಲಿ ಅವನ ಪರವಾಗಿ ಕೂಗಿದವನು ನಾನೊಬ್ಬನೇ ಇರಬೇಕು.

ಅಡಿಗೆಮನೆಗೆ ವಾಪಸು ಬಂದು ಕಿಟಕಿಯಲ್ಲಿ ನೋಡಿದರೆ ತೊಟ್ಟಿಲು ನಿಂತಿತ್ತು. ದೀಪಗಳೂ ಮಂಕಾಗಿದ್ದವು. ನಾಳೆ ಇದು ಇರುವುದಿಲ್ಲ. ಈಗ ಕೆಟ್ಟು ಕೂತರೆ ಅತ್ತಿಗೆ ಮತ್ತೆ ಇದೇ ಕಿಟಕಿಗೆ ಬರಬೇಕು. ಇಡೀ ತಿಂಗಳು ಉಳಿಸಿದ ಆಣೆಗಳನ್ನೆಲ್ಲ ಕೊಡುತ್ತೇನೆ, ಒಂದು ಸುತ್ತು ತಿರುಗಿಸಪ್ಪಾ ಎಂದು ನಮ್ಮ ಊರಿನ ಜೋಡಿ ದೇವರಿಗೆ ಒಟ್ಟಿಗೇ ಹರಕೆ ಹೊತ್ತೆ. ಒಂದೇ ಹರಕೆ, ಇಬ್ಬರು ದೇವರು. ಅಂಥ ಹೊತ್ತಿನಲ್ಲೂ ಬುದ್ಧಿ ಎಲ್ಲಿ ಹೋಗುತ್ತದೆ!

ಅಷ್ಟರಲ್ಲಿ ದೀಪಗಳು ಝಗ್ಗೆಂದವು. ತೊಟ್ಟಿಲು ಕಿರುಗುಟ್ಟಿ ತಿರುಗಿತು. ಒಂದು ಪೆಟ್ಟಿಗೆ ಮೇಲೆ ಹೋಯಿತು, ಮೇಲಿಂದ ಜಾರಿತು. ಆಗ ಕೇಳಿಸಿತು ನೋಡಿ ಒಂದು ಕೂಗು! ಮರಣಬಾವಿಯ ಮೋಟರ್ ಸೈಕಲ್ಲಿನ ಆರ್ಭಟವನ್ನೂ ಮೀರಿ ಬಂದ ಕೂಗು. ಅದರ ಬೆನ್ನಿಗೇ ನಗು.

"ಯಾವಳಪ್ಪ ಅದು, ಆಪಾಟಿ ಚೀರತಾಳೆ?" ಎಂದ ಅಣ್ಣ, ಚಹಾ ಸೋಸುತ್ತ.

"ಅತ್ತಿಗೆ" ಎಂದೆ.

ಅಣ್ಣ ಸೋಸುವ ಅರಿವೆ ಹಿಡಿದುಕೊಂಡೇ ಕಿಟಕಿಗೆ ಬಂದ. "ಆಕಿಗೆ ಇಷ್ಟು ದೊಡ್ಡ ದನಿ ಐತೇನು?" ಎಂದು ತನಗೆ ತಾನೇ ಕೇಳಿಕೊಂಡ. ಹದಿನೈದು ವರ್ಷ ಸಂಸಾರ ಮಾಡಿದವನು ಎರಡು ತಿಂಗಳ ಹಿಂದೆ ಮದುವೆಯಾದವನ ಎದುರು ಕೇಳುವ ಪ್ರಶ್ನೆಯೇ ಇದು!

ಪೂರ್ತಿ ಕತ್ತಲಾಗುವ ಹೊತ್ತಿಗೆ ಬಂದರು. ಅತ್ತಿಗೆಯ ತುರುಬು ಸಡಿಲಿತ್ತು, ಕೈಯಲ್ಲಿ ತಟ್ಟೆಯಗಲದ ಹಪ್ಪಳ. ಪಡಸಾಲೆಯಲ್ಲಿ ಜನ ಇದ್ದಾರೆಂಬುದನ್ನೂ ಮರೆತು ಅಲ್ಲೇ ನಿಂತು ಮಾತಾಡಿದಳು. "ಮ್ಯಾಲೆ ಹೋದ್ರೆ ಊರೆಲ್ಲ ಕಾಣ್ತೈತೆ! ಒಂದು ಮನಿ ಮುಂದೆ ಯಾರದೋ ಮದಿವಿ ಅನ್ನೋಹಂಗೆ ಸೈಕಲ್ಲು. ಪಾಪ, ಆ ಮನಿ ಹೆಣ್ಣುಮಗಳ ಗತಿ ಏನೋ ಅಂದೆ. ಕೆಳಗೆ ಬರೋವಾಗ ಗೊತ್ತಾತು, ಅದು ನಮ್ಮನಿ." ಹೇಳಿ ತಾನೇ ಬಿದ್ದು ಬಿದ್ದು ನಕ್ಕಳು. ನಾವು ಯಾರೂ ಅಷ್ಟು ನಗಲಿಲ್ಲ. ಭಾನುವಳ್ಳಿಯವರು ತಟ್ಟೆ ಕೆಳಗಿಟ್ಟು ಮೆಲ್ಲಗೆ ಎದ್ದರು.

ಮರುವರ್ಷ ಎಕ್ಸಿಬಿಷನ್ ಮತ್ತೆ ಬಂತು. ನಾನು ಸೈಕಲ್ಲನ್ನು ನೇರವಾಗಿ ಬಾಬುಸಾಬನ ಹಗ್ಗದೊಳಗೆ ನುಗ್ಗಿಸಿದೆ. ಕೈ ಜೇಬಿನ ಬಾಯಲ್ಲಿ ಎಂದಿನಂತೆ ನಿಂತಿತು, ಪಾರ್ವತಿ ನೋಡಿದಳು, ಒಳಗೆ ಹೋಯಿತು. ಆಮೇಲೆ ಬರಿಗೈಯಲ್ಲಿ ಅಣ್ಣನ ಮನೆಗೆ ನಡೆದೆವು. ಅಂಗಳ ಖಾಲಿಯಿತ್ತು. ಅತ್ತಿಗೆ ಬಾಗಿಲಿಗೆ ಬಂದವಳು ನಮ್ಮ ಬೆನ್ನ ಹಿಂದೆ ಇಣುಕಿದಳು.

"ಸೈಕಲ್ ಎಲ್ಲಿ?"

"ಸ್ಟ್ಯಾಂಡಿನ್ಯಾಗೆ ಬಿಟ್ಟೀವಿ ಅತ್ತಿಗೆ."

ನಂಬಲಿಲ್ಲ. ಅಂಗಳದ ಎರಡೂ ಮೂಲೆ ನೋಡಿ ಬಂದಳು. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು, ಒಳಗೆ ಓಡದೆ, ನಮ್ಮೆದುರಿಗೇ ಚಾಪೆಯ ಮೇಲೆ ಕೂತಳು.

"ಹಂಗಾದ್ರೆ ನಮ್ಮನ್ನ ನೋಡಾಕೆ ಬಂದೀರಿ" ಎಂದಳು.