ಕುಳಿತ ಜಾಗವನ್ನು ಒರೆಸುವವರು ಯಾರು?

ಕೊರೊನಾ ಕಾಟ ಮುಗಿದು ಕಾಲೇಜುಗಳು ಪೂರ್ತಿಯಾಗಿ ತೆರೆದ ವರ್ಷ. ಬೈಲಹೊಂಗಲದ ಒಂದು ಡಿಪ್ಲೊಮಾ ಕಾಲೇಜಿನಲ್ಲಿ ನಾನು ಕಂಪ್ಯೂಟರ್ ಲ್ಯಾಬ್ ಇನ್‌ಸ್ಟ್ರಕ್ಟರ್ ಆಗಿದ್ದೆ. ಅದಕ್ಕೂ ಮೊದಲು ರಾಮದುರ್ಗದಲ್ಲಿ ಹಳೆಯ ಕಂಪ್ಯೂಟರ್ ಕೊಂಡು, ರಿಪೇರಿ ಮಾಡಿ ಮಾರುತ್ತಿದ್ದವನು. ಓದಿದ್ದು ಸಂಜೆ ಕ್ಲಾಸಿನಲ್ಲಿ, ಕಲಿತದ್ದು ಚೌಕಾಸಿಯಲ್ಲಿ. ಹಾಗಾಗಿ ಕೇಳದಿದ್ದರೂ ಸಲಹೆ ಕೊಡುವ ಚಟ ನನಗಿದೆ.

ಅಂಥದೊಂದು ಸಲಹೆಯೇ ಶ್ರೀದೇವಿಯನ್ನು ಇಕ್ಕಟ್ಟಿಗೆ ತಂದಿತು. ಚಚಡಿಯಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದ ಕೊನೆಯ ವರ್ಷದ ವಿದ್ಯಾರ್ಥಿನಿ. ಎಲ್ಲರೂ ಲೈಬ್ರರಿ ಸಾಫ್ಟ್‌ವೇರ್ ಮಾಡುತ್ತಿದ್ದಾಗ, "ಪಾಠಕ್ಕಂತ ಇರೋ ಸಣ್ಣ ಆಪರೇಟಿಂಗ್ ಸಿಸ್ಟಮ್ ಕಟ್ಟವಾ, ಎದ್ದು ಕಾಣತೀ" ಎಂದು ಹುರಿದುಂಬಿಸಿದವನು ನಾನೇ. ಪ್ರಾಜೆಕ್ಟ್ ಪಾಸಾದರೆ ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ನೇರ ಪ್ರವೇಶ. ಇಲ್ಲವಾದರೆ ಒಂದು ವರ್ಷ ಹೋಯಿತು.

ಪರೀಕ್ಷೆಯ ದಿನ ಬೆಳಿಗ್ಗೆ ಲ್ಯಾಬಿಗೆ ಬಂದಾಗ ಆಕೆ ತಲೆಗೆ ಕೈಹಚ್ಚಿ ಕುಳಿತಿದ್ದಳು. ಕಮಾಂಡ್ ಕೊಟ್ಟರೆ ಪ್ರೋಗ್ರಾಂ ಓಡುತ್ತಿತ್ತು, ಉತ್ತರವನ್ನೂ ಮುದ್ರಿಸುತ್ತಿತ್ತು. ಆದರೆ ಮುಂದಿನ ಕಮಾಂಡ್ ಕೇಳುವ ಗುರುತು ಪರದೆಯ ಮೇಲೆ ಮರಳಿ ಬರುತ್ತಿರಲಿಲ್ಲ. ಕೆಲವು ಸಲ ಇಡೀ ಯಂತ್ರವೇ ನಿಂತುಬಿಡುತ್ತಿತ್ತು.

"ನಿನ್ನಿ ಸಂಜೀತನಕ ಚಲೋ ಇತ್ತಲ್ಲವಾ?"

"ಚಲೋ ಎಲ್ಲಿ ಇತ್ತರಿ ಸರ್. ಅರವತ್ನಾಲ್ಕು ಪ್ರೋಗ್ರಾಂ ಆದ ಮ್ಯಾಲೆ ಜಾಗಾ ಇಲ್ಲ ಅಂತಿತ್ತು. ಅದಕ್ಕ ನಿನ್ನಿ ರಾತ್ರಿ ಕೋಡ್ ತಿದ್ದಿ ಸ್ವಚ್ಛ ಮಾಡೇನ್ರಿ."

ಓದುಗರಿಗೆ ಇಷ್ಟು ಹೇಳಬೇಕು. ಆ ಸಿಸ್ಟಮ್‌ನಲ್ಲಿ ಓಡುವ ಪ್ರತಿ ಪ್ರೋಗ್ರಾಮಿಗೂ ಪ್ರೊಸೆಸ್ ಟೇಬಲ್ ಎಂಬ ಪಟ್ಟಿಯಲ್ಲಿ ಒಂದು ಸ್ಥಾನ ಬೇಕು. ಇದ್ದದ್ದು ಅರವತ್ನಾಲ್ಕೇ ಸ್ಥಾನ. ಒಂದು ಪ್ರೋಗ್ರಾಂ ಇನ್ನೊಂದನ್ನು ಹುಟ್ಟಿಸುತ್ತದೆ; ಹುಟ್ಟಿಸಿದ್ದು ಪೇರೆಂಟ್, ಹುಟ್ಟಿದ್ದು ಚೈಲ್ಡ್. ಚೈಲ್ಡ್ ಕೆಲಸ ಮುಗಿಸುವಾಗ ಎಕ್ಸಿಟ್ ಎನ್ನುತ್ತದೆ. ಪೇರೆಂಟ್ ಅದಕ್ಕಾಗಿ ವೇಟ್ ಎಂದು ಕಾದಿರುತ್ತದೆ. ಶ್ರೀದೇವಿಯ ಹಳೆಯ ಕೋಡಿನಲ್ಲಿ ಮುಗಿದವುಗಳ ಸ್ಥಾನವನ್ನು ಯಾರೂ ತೆರವು ಮಾಡುತ್ತಿರಲಿಲ್ಲ.

ನನ್ನೊಳಗಿನ ವ್ಯಾಪಾರಿ ತಕ್ಷಣ ಲೆಕ್ಕ ಹಾಕಿದ. "ಹಳೇದ ಹಾಕಿಬಿಡು. ಪರೀಕ್ಷಕರ ಮುಂದ ಹತ್ತು ಕಮಾಂಡ್ ಓಡಿಸು, ನಮಸ್ಕಾರ ಹೇಳು. ಅರವತ್ನಾಲ್ಕರ ತನಕ ಯಾರ ಎಣಸತಾರ?"

"ಹತ್ತು ಕಮಾಂಡ್ ತೋರಸಾಕ ಮೂರು ತಿಂಗಳ ನಿದ್ದಿಗೆಡಬೇಕಿತ್ತೇನ್ರಿ ಸರ್? ನೀವು ಹಳೇ ಕಂಪ್ಯೂಟರ್ ಹಿಂಗ ಮಾರತಿದ್ರೇನು?"

ಮಾತು ಚುಚ್ಚಿತು. ಸುಳ್ಳಾಗಿದ್ದರೆ ಚುಚ್ಚುತ್ತಿರಲಿಲ್ಲ. ಪಕ್ಕದ ಕುರ್ಚಿ ಎಳೆದುಕೊಂಡು, ಹೊಸ ಕೋಡ್ ತೋರಿಸಲು ಹೇಳಿದೆ.

ಆಕೆಯ ಎಕ್ಸಿಟ್ ತುಂಬ ಶಿಸ್ತಿನದು. ಪ್ರೋಗ್ರಾಂ ತೆರೆದ ಫೈಲುಗಳನ್ನು ತಾನೇ ಮುಚ್ಚುತ್ತಿತ್ತು, ತನ್ನ ಮೆಮೊರಿಯನ್ನು ತಾನೇ ಬಿಡುತ್ತಿತ್ತು, ಕೊನೆಗೆ ಪಟ್ಟಿಯಿಂದ ತನ್ನ ಹೆಸರನ್ನೂ ತಾನೇ ಅಳಿಸುತ್ತಿತ್ತು.

"ಇದ್ಯಾಕ ಹಿಂಗ?"

"ನಮ್ಮೂರ ಮಠದ ದಾಸೋಹದಾಗ ಉಂಡಾವ್ರ ತಮ್ಮ ತಾಟ ತಾವ ತೊಳೀತಾರ್ರಿ. ಪ್ರೋಗ್ರಾಮೂ ಹಂಗ ಇರಲಿ ಅಂತ..."

ನಾನೂ ಅಂಥ ಪಂಕ್ತಿಯಲ್ಲಿ ಉಂಡವನೇ. "ತಾಟ ತೊಳೀಲಿ. ಕುಂತ ಜಾಗಾ ಯಾರ ಒರಸತಾರ?"

"ಬಡಸಾವ್ರು. ಪಂಕ್ತಿ ಎದ್ದ ಮ್ಯಾಲೆ."

"ಎದ್ದ ಮ್ಯಾಲೇ ಯಾಕ?"

"ಸರ್, ಕುಂತಾವ ತನ್ನ ಬುಡಕಿನ ನೆಲಾ ಹೆಂಗ ಒರಸತಾನ..." ಎಂದವಳು ಅಲ್ಲಿಗೇ ನಿಲ್ಲಿಸಿ, ಕೀಬೋರ್ಡ್ ಹತ್ತಿರಕ್ಕೆ ಎಳೆದುಕೊಂಡಳು.

ತಪ್ಪು ಅದೇ. ಓಡುತ್ತಿರುವ ಪ್ರೋಗ್ರಾಂ ಕೊನೆಯ ಹೆಜ್ಜೆಯವರೆಗೂ ತನ್ನ ಸ್ಟ್ಯಾಕ್ ಎಂಬ ಮೆಮೊರಿಯ ಮೇಲೆಯೇ ನಿಂತಿರುತ್ತದೆ. ಅದನ್ನೇ ಬಿಟ್ಟುಕೊಟ್ಟರೆ ಯಂತ್ರ ಕುಸಿಯುತ್ತದೆ. ಪಟ್ಟಿಯಿಂದ ಹೆಸರು ಅಳಿಸಿಕೊಂಡು ಹೋದರೆ, ಕಾದು ಕುಳಿತ ಪೇರೆಂಟಿಗೆ ಮಗು ಮುಗಿಸಿತೋ, ಸೋತಿತೋ ಎಂಬ ಸುದ್ದಿಯೇ ಸಿಗುವುದಿಲ್ಲ. ಅದು ಕಾಯುತ್ತಲೇ ಇರುತ್ತದೆ. ಸರಿಯಾದ ಕ್ರಮದಲ್ಲಿ ಚೈಲ್ಡ್ ಫೈಲುಗಳನ್ನು ಮುಚ್ಚಿ, ಫಲಿತಾಂಶ ಬರೆದಿಟ್ಟು, ಪೇರೆಂಟನ್ನು ಎಬ್ಬಿಸಿ ಸುಮ್ಮನಾಗಬೇಕು. ಈ ಸತ್ತೂ ಸಾಯದ ಸ್ಥಿತಿಗೆ ಜಾಂಬಿ ಎನ್ನುತ್ತಾರೆ. ಪೇರೆಂಟ್ ಬಂದು ಫಲಿತಾಂಶ ಓದಿಕೊಂಡು, ಉಳಿದ ಮೆಮೊರಿಯನ್ನೂ ಸ್ಥಾನವನ್ನೂ ತೆರವು ಮಾಡಬೇಕು.

ತಿದ್ದಬೇಕಾದದ್ದು ಹತ್ತು ಹನ್ನೆರಡು ಸಾಲು. ಅಷ್ಟರಲ್ಲಿ ಬೆಳಗಾವಿಯಿಂದ ಪರೀಕ್ಷಕರು ಬಂದೇಬಿಟ್ಟರು. ಅವರಿಗೆ ಮೊದಲು ಚಹಾ ಕುಡಿಸಿ, ಆಮೇಲೆ ಬೇರೆ ಮೂವರ ಪ್ರಾಜೆಕ್ಟ್ ತೋರಿಸಿ ನಾನು ಆಕೆಗೆ ಒಂದು ಗಂಟೆ ಗಿಟ್ಟಿಸಿದೆ. ಆ ಚೌಕಾಸಿಗೆ ನನಗೆ ನಾಚಿಕೆಯಿಲ್ಲ.

ಶ್ರೀದೇವಿಯ ಸರದಿ ಬಂದಾಗ ಅವರು ಕನ್ನಡಕ ಏರಿಸಿ, "ಒಂದೇ ಕಮಾಂಡನ್ನ ನೂರು ಸಲ ಓಡಿಸಮ್ಮ" ಎಂದರು. ಎಣಿಸುವವರು ಸಿಕ್ಕೇಬಿಟ್ಟಿದ್ದರು. ಅರವತ್ತು ದಾಟಿದಾಗ ನಾನು ಕಿಟಕಿಯ ಕಡೆ ನೋಡಿದೆ. ನೂರು ಮುಗಿದು ಪರದೆಯಲ್ಲಿ ಗುರುತು ಮರಳಿ ಮಿನುಗಿತು.

"ಪೇರೆಂಟೇ ಮೊದಲು ಮುಗಿದುಹೋದರೆ ಚೈಲ್ಡಿನ ಗತಿ?" ಎಂದರು ಪರೀಕ್ಷಕರು.

"ದಾಸೋಹದಾಗ ಬಡಸಾವ ನಡುವ ಎದ್ದು ಹೋದ್ರೂ, ಕಡೀ ಪಂಕ್ತಿ ತನಕ ಹಿರ್ಯಾರೊಬ್ರು ಇರತಾರಲ್ರಿ ಸರ್. ಜಾಗಾ ಅವ್ರು ಒರಸತಾರ." ನಂತರ ಆಕೆ ತೋರಿಸಿದ್ದು, ಅನಾಥ ಪ್ರೋಗ್ರಾಮುಗಳನ್ನು ಸಿಸ್ಟಮ್‌ನ ಮೊದಲ ಪ್ರೋಗ್ರಾಂ ಆದ ಇನಿಟ್‌ಗೆ ಒಪ್ಪಿಸುವ ಸಾಲು. ಪರೀಕ್ಷಕರು ನಕ್ಕು, ಅಂಕದ ಹಾಳೆಯನ್ನು ಎಳೆದುಕೊಂಡರು. ಆ ವರ್ಷವೇ ಆಕೆ ಇಂಜಿನಿಯರಿಂಗ್ ಸೇರಿದಳು.

ಕೆಲಸ ಮುಗಿಸುವುದೂ ಕೆಲಸದಿಂದ ಬಿಡುಗಡೆಯಾಗುವುದೂ ಒಂದೇ ಎಂದು ನಾನು ತಿಳಿದಿದ್ದೆ. ಅಲ್ಲ. ಅಂಗಡಿ ನಡೆಸುವವರೇ, ಕಚೇರಿಯಲ್ಲಿರುವವರೇ, ನಿಮ್ಮ ಪಾಲಿನ ತಟ್ಟೆ ತೊಳೆದಿಡಿ. ಆದರೆ ಕಾದವರಿಗೆ ಏನಾಯಿತೆಂದು ಹೇಳದೆ ಹೆಸರು ಅಳಿಸಿಕೊಂಡು ಹೋಗಬೇಡಿ.

ನಿವೃತ್ತಿಯ ದಿನ ಕೀಲಿ, ದಾಸ್ತಾನು ಪಟ್ಟಿ, ಕೆಟ್ಟ ಯಂತ್ರಗಳ ಟಿಪ್ಪಣಿ ಎಲ್ಲವನ್ನೂ ಹೊಸ ಇನ್‌ಸ್ಟ್ರಕ್ಟರ್ ಕೈಗೆ ಕೊಟ್ಟೆ. ಅವರು ಪಟ್ಟಿಯನ್ನು ಕೊನೆಯವರೆಗೆ ಓದಿ ಸಹಿ ಹಾಕುವ ತನಕ ಕುಳಿತಿದ್ದೆ. ಆಮೇಲೆ ಎದ್ದೆ. ಕುರ್ಚಿಯನ್ನು ಅವರೇ ಒರೆಸಿಕೊಂಡರು.