ಹೂ ಮಳೆಯೂ ಚಕ್ರದ ಪೆಟ್ಟಿಗೆಯೂ

ಚಕ್ರವಿರುವ ಸೂಟ್‌ಕೇಸನ್ನು ಕಂಡುಹಿಡಿದ ಮಹಾನುಭಾವ ಯಾರೇ ಇರಲಿ, ಅವನು ಜೀವಮಾನದಲ್ಲಿ ಒಮ್ಮೆಯೂ ಯಸಳೂರಿನ ಕಡೆ ಬಂದವನಲ್ಲ ಎಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಬಂದಿದ್ದರೆ ಚಕ್ರದ ಬದಲು ಅದಕ್ಕೊಂದು ಸಿಂಬೆಯನ್ನು ಜೋಡಿಸಿ ಮಾರುತ್ತಿದ್ದ. ಸಕಲೇಶಪುರದ ಅಂಗಡಿಯ ನುಣುಪು ನೆಲದ ಮೇಲೆ ಒಂದೇ ಬೆರಳಿನ ಸೆಳೆತಕ್ಕೆ ವಿನಯದಿಂದ ಹಿಂಬಾಲಿಸಿ ಬಂದ ಆ ನೀಲಿ ಪೆಟ್ಟಿಗೆ, ನಮ್ಮ ತೋಟದ ಗೇಟಿನ ಬಳಿ ಬಸ್ಸಿಳಿದು ಜಲ್ಲಿ, ಮರದ ಬೇರು, ಮಳೆನೀರು ಕೊರೆದ ಕೊರಕಲುಗಳನ್ನು ಕಂಡ ಕೂಡಲೇ ಸತ್ಯಾಗ್ರಹ ಹೂಡಿ ನಿಂತುಬಿಟ್ಟಿತು. ಕಡೆಗೆ ತೋಟದ ಹಾಜರಿ ಲೆಕ್ಕ ನೋಡುವ ನಮ್ಮ ರೈಟರ್ ಪುಟ್ಟಸ್ವಾಮಿ ಟವಲನ್ನು ಸುತ್ತಿ ತಲೆಯ ಮೇಲಿಟ್ಟು, ಅದರ ಮೇಲೆ ಪೆಟ್ಟಿಗೆಯನ್ನು ಮಕಾಡೆ ಹೊತ್ತು ತಂದ. ಚಕ್ರಗಳು ಆಕಾಶ ನೋಡುತ್ತಿದ್ದವು. ಜಗಲಿಯ ಮೇಲೆ ಅದನ್ನಿಳಿಸಿ ಸುತ್ತ ಒಂದು ಪ್ರದಕ್ಷಿಣೆ ಹಾಕಿದ ಅವನು, "ಗಾಲಿ ಏನೋ ಐತೆ ಗೌಡ್ರೆ, ಎತ್ತು ಯಾವಾಗ ತತ್ತೀರಾ?" ಎಂದ.

ಈ ಪೆಟ್ಟಿಗೆ ಬಂದದ್ದು ಜಪಾನಿಗೆ ಹೋಗುವುದಕ್ಕೆ. ಅದು ತೊಂಬತ್ತರ ದಶಕದ ಉತ್ತರಾರ್ಧ. ಕಾಫಿಗೆ ಬೆಲೆ ಬಂದು, ಅಲ್ಲಿಯವರೆಗೆ ಮಂಗಳೂರನ್ನೇ ಪರದೇಶವೆಂದು ತಿಳಿದಿದ್ದ ನಮ್ಮಂಥವರೂ ಪಾಸ್‌ಪೋರ್ಟು ಮಾಡಿಸಿಕೊಂಡ ಕಾಲ. ನೆರೆಯ ತೋಟದವರೆಲ್ಲ ಸಿಂಗಪುರಕ್ಕೆ ಹೋಗಿ ಟಾರ್ಚು, ಸೆಂಟು, ಕೊಡೆಗಳನ್ನು ಹೊತ್ತು ತಂದಿದ್ದರು. ನಾನೂ ಉದಾರಭಾವದಿಂದ ನನ್ನಾಕೆ ವಿಶಾಲಾಕ್ಷಿಯನ್ನು, "ನಿನಗೆ ಎಲ್ಲಿಗೆ ಹೋಗಬೇಕು ಅನಿಸುತ್ತೆ?" ಎಂದು ಕೇಳಿದೆ. ಆಕೆ ಒಲೆಯಿಂದ ತಲೆಯೆತ್ತದೆ, "ಕ್ಯೋಟೋ" ಎಂದಳು. ಅದೂ ಏಪ್ರಿಲ್ ಮೊದಲಲ್ಲಿ, ಚೆರ್ರಿ ಹೂ ಬಿಟ್ಟಿರುವಾಗ.

ಈ ಉತ್ತರ ಹಲವು ವರ್ಷಗಳಿಂದ ಆಕೆಯ ಬಾಯಲ್ಲಿ ಸಿದ್ಧವಾಗಿದ್ದು ನನ್ನ ಪ್ರಶ್ನೆಗಾಗಿ ಕಾಯುತ್ತಿತ್ತೆಂದು ಕಾಣುತ್ತದೆ. ಸಕಲೇಶಪುರದಲ್ಲಿ ಪ್ಲಾಂಟರುಗಳ ಮಡದಿಯರು ಸೇರುವ ಸಂಘದಲ್ಲಿ ವರ್ಷಕ್ಕೊಮ್ಮೆ ಪುಷ್ಪಪ್ರದರ್ಶನ ನಡೆಯುತ್ತದೆ. ಅಲ್ಲಿ ಯಾರೋ ಕಲಿಸಿಕೊಟ್ಟ ಇಕೆಬಾನ ಎಂಬ ಜಪಾನೀ ಹೂಜೋಡಣೆಯನ್ನು ವಿಶಾಲಾಕ್ಷಿ ಕಲಿತು ಬಂದಿದ್ದಳು. ಅಲ್ಲಿಂದಾಚೆಗೆ ನಮ್ಮ ಮನೆಯಲ್ಲಿ ಕುಂಡದ ತುಂಬ ಹೂವು ತುರುಕುವ ಪದ್ಧತಿ ನಿಂತುಹೋಗಿ, ತಟ್ಟೆಯೊಂದರಲ್ಲಿ ಮೂರೇ ಮೂರು ಕಡ್ಡಿ ಓರೆಯಾಗಿ ನಿಲ್ಲುವ ಪದ್ಧತಿ ಬಂತು. ಗಿಡ ಸವರಿ ಒಗೆದ ಕಾಫಿಯ ಚಿಗುರುಕಡ್ಡಿಗಳಿಗೆ ಇಷ್ಟು ಗೌರವ ಸಿಕ್ಕಿದ್ದನ್ನು ಕಂಡು ನಾನು ಬೆರಗಾಗಿದ್ದೇನೆ. ಆದರೆ ಆ ಕಡ್ಡಿಗಳ ತವರುಮನೆ ನೋಡಬೇಕೆಂಬ ಆಸೆ ಆಕೆಯೊಳಗೆ ಬೇರು ಬಿಟ್ಟದ್ದು ಮಾತ್ರ ನನಗೆ ಗೊತ್ತಾಗಿರಲಿಲ್ಲ.

ಪ್ರವಾಸದ ಸುಖವಿರುವುದು ಅರ್ಧಪಾಲು ಯೋಜನೆಯಲ್ಲಿ ಎಂಬ ಮಾತನ್ನು ನಾನು ಅಕ್ಷರಶಃ ನಂಬಿದವನು. ಹಳೆಯ ಶಾಲಾ ಅಟ್ಲಾಸನ್ನು ಅಟ್ಟದಿಂದ ಇಳಿಸಿದೆ. ಅದರಲ್ಲಿ ಜಪಾನು ಒಂದು ಬಾಗಿದ ಹಸಿಮೆಣಸಿನಕಾಯಿಯಷ್ಟಿತ್ತು. ಟೋಕಿಯೋದಿಂದ ಕ್ಯೋಟೋಗೆ ನನ್ನ ಹೆಬ್ಬೆರಳಿನ ಅರ್ಧ ಉಗುರು. ಇಷ್ಟು ಹತ್ತಿರವಿರುವಾಗ ನಡೆದೇ ಹೋಗಬಹುದಲ್ಲ ಎಂಬ ಧೈರ್ಯ ಬಂತು. ಟೋಕಿಯೋದಲ್ಲಿ ನನ್ನ ಗುರಿ ಒಂದೇ: ಯಾವುದಾದರೂ ಕಾಫಿ ಅಂಗಡಿ ಹೊಕ್ಕು, ನಾವು ಮೂರು ತಲೆಮಾರು ಜಿಗಣೆ ಕಚ್ಚಿಸಿಕೊಂಡು ಬೆಳೆದದ್ದನ್ನು ಗುಟುಕರಿಸುವವನ ಮುಖವನ್ನು ಎದುರು ಕೂತು ನೋಡುವುದು. ಒಸಾಕದ ಬಗ್ಗೆ ಏನೂ ಗೊತ್ತಿರಲಿಲ್ಲವಾದ್ದರಿಂದ ಅದಕ್ಕೆ ಎರಡು ದಿನ ಇಟ್ಟೆ. ಜಗತ್ತಿನ ಅತಿವೇಗದ ರೈಲನ್ನು ಹತ್ತಲು ನಾವು ತಯಾರಾಗುತ್ತಿದ್ದ ಆ ದಿನಗಳಲ್ಲಿ ನಮ್ಮ ದೋಣಿಗಲ್ಲಿನ ಸ್ಟೇಷನ್ನಿನಲ್ಲಿ ನಿಧಾನದ ರೈಲೂ ಇರಲಿಲ್ಲ. ಗೇಜು ಬದಲಾವಣೆಗೆಂದು ಘಾಟಿಯ ಹಳಿ ಕಿತ್ತಿದ್ದರು. ಇನ್ನು ಬಸ್ಸಿನ ವಿಷಯ. ಯಸಳೂರಿನ ಬಸ್ಸು ನಮ್ಮ ಗೇಟಿನಲ್ಲಿ ನಿಂತು, 'ಗೌಡ್ರು ಪಂಚೆ ಉಡ್ತಾವ್ರೆ, ಒಸಿ ತಡೀರಿ' ಎಂಬ ಪುಟ್ಟಸ್ವಾಮಿಯ ಮಾತಿಗೆ ಮನ್ನಣೆ ಕೊಟ್ಟು ಕಾಯುವಂಥದ್ದು. ಹಾಗೆ ಬೆಳೆದ ನನಗೆ ನಿಮಿಷಕ್ಕೆ ಸರಿಯಾಗಿ ಹೊರಡುವ ರೈಲಿನ ಸುದ್ದಿ ಕೇಳಿಯೇ ಎದೆ ಢವಗುಟ್ಟಿತು.

ಆಹಾರದ ಚಿಂತೆಯೂ ಇತ್ತು. ಎರಡು ಕಡ್ಡಿಯಲ್ಲಿ ಉಣ್ಣುವ ಅಭ್ಯಾಸಕ್ಕೆಂದು ಕಡುಬನ್ನು ಎದುರಿಟ್ಟುಕೊಂಡು ಕೂತೆ. ಕಡುಬು ಎರಡು ಸಲ ನಾಯಿಗೆ ಸಂದಿತು, ಮೂರನೆಯದನ್ನು ಕಡ್ಡಿಯಿಂದ ಚುಚ್ಚಿ ತಿಂದು ಅಭ್ಯಾಸ ಮುಗಿಯಿತೆಂದು ಘೋಷಿಸಿದೆ. ಅಷ್ಟರಲ್ಲಿ ವಿಶಾಲಾಕ್ಷಿ ಎಲ್ಲಿಯೋ ಓದಿ, ಜಪಾನಿನವರೂ ನಮ್ಮಂತೆ ಬಿದಿರಿನ ಎಳೆಮೊಳಕೆ ಕಣಿಲೆಯನ್ನು ತಿನ್ನುತ್ತಾರೆಂಬ ಸಮಾಚಾರ ತಂದಳು. ನನ್ನ ಮನಸ್ಸು ಅರ್ಧ ಹಗುರಾಯಿತು. ಕಣಿಲೆ ತಿನ್ನುವ ಜನ ಕೆಟ್ಟವರಿರಲು ಸಾಧ್ಯವಿಲ್ಲ.

ಇಷ್ಟೆಲ್ಲ ಪೂರ್ವಸಿದ್ಧತೆಯ ನಡುವೆ ನಾನು ಉಪಾಯವಾಗಿ ಹಿಂದಕ್ಕೆ ತಳ್ಳುತ್ತ ಬಂದ ಸಂಗತಿ ಒಂದೇ, ಹೊರಡುವ ದಿನ. ಕಾಫಿ ಬೆಳೆಯದ ಪುಣ್ಯವಂತರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬೇಸಿಗೆಯ ಶುರುವಿನಲ್ಲಿ ನಮ್ಮ ಗಿಡಗಳು ಮೊಗ್ಗು ಹೊತ್ತು, ಬಾಯಾರಿ ನಿಂತಿರುತ್ತವೆ. ಆಗೊಂದು ಮಳೆ ಹದವಾಗಿ ಬೀಳಬೇಕು. ಅದೇ ಹೂ ಮಳೆ. ಬಿದ್ದ ವಾರದ ಮೇಲೆ ಇಡೀ ಗುಡ್ಡ ಒಂದೇ ಬೆಳಿಗ್ಗೆ ಬೆಳ್ಳಗಾಗುತ್ತದೆ. ಮಳೆ ಬಾರದಿದ್ದರೆ ಮೊಗ್ಗು ಕರಕಲಾಗಿ ಆ ವರ್ಷದ ಫಸಲಿಗೆ ಎಳ್ಳುನೀರು. ಆದ್ದರಿಂದ ಹೂ ಮಳೆ ಬೀಳುವವರೆಗೆ ಪ್ಲಾಂಟರನಾದವನು ತೋಟದ ಗಡಿ ದಾಟಬಾರದೆಂಬುದು ನಮ್ಮ ತಂದೆಯವರ ಶಾಸನ, ಅವರ ತಂದೆಯವರದೂ ಅದೇ. ಗಡಿ ದಾಟದೆ ಮಾಡುವುದೇನೆಂದರೆ, ಆಕಾಶ ನೋಡುವುದು ಮತ್ತು ಪರಸ್ಪರ ಫೋನು ಮಾಡುವುದು. ಇಂಚಿನ ನೂರನೇ ಒಂದು ಪಾಲಿಗೆ ನಾವು ಸೆಂಟು ಅನ್ನುತ್ತೇವೆ. ಕೆ. ಹೊಸಕೋಟೆಯಲ್ಲಿರುವ ವಿಶಾಲಾಕ್ಷಿಯ ತಮ್ಮ ರುದ್ರೇಶ ಆ ದಿನಗಳಲ್ಲಿ ಫೋನೆತ್ತಿದರೆ ಕ್ಷೇಮಸಮಾಚಾರವಿಲ್ಲ, "ಭಾವ, ನಿಮ್ ಕಡೆ ಎಷ್ಟ್ ಸೆಂಟು?" ಅಷ್ಟೆ. ಇನ್ನೊಬ್ಬನಿಗೆ ಇಪ್ಪತ್ತು ಸೆಂಟು ಹೆಚ್ಚು ಬಿದ್ದಿತೆಂದರೆ ಊಟ ಸೇರದ ಸಜ್ಜನರನ್ನು ನಾನು ಬಲ್ಲೆ. ಅವರಲ್ಲೊಬ್ಬ ಈ ಪ್ರಬಂಧ ಬರೆಯುತ್ತಿದ್ದಾನೆ.

ಹೂವರಳಿದ ಮೇಲೆ ಇನ್ನೊಂದು ಶಾಸನ. ಆ ಎರಡು ಮೂರು ದಿನ ತೋಟದೊಳಗೆ ಯಾರೂ ಕಾಲಿಡಬಾರದು. ಮೈ ಸೋಕಿ ಹೂವು ಉದುರಿದರೆ ಕಾಯಿ ಕಟ್ಟುವುದಿಲ್ಲ. ಆಳುಗಳಿಗೆ ಸ್ಟೋರಿನಲ್ಲಿ ಕೆಲಸ, ಮನೆಯವರಿಗೆ ಜಗಲಿ. ಈ ನಿಯಮವನ್ನು ನಾನು ನಮ್ಮಪ್ಪನಿಗಿಂತ ಒಂದು ಕೈ ಹೆಚ್ಚಾಗಿಯೇ ಪಾಲಿಸಿದವನು. ಪುಟ್ಟಸ್ವಾಮಿಯಿಂದ ದಾರಿಗೆ ಅಡ್ಡಲಾಗಿ ಬಿದಿರಿನ ಗಳು ಕಟ್ಟಿಸುತ್ತಿದ್ದೆ.

ಬೆಂಗಳೂರಿನ ಪ್ರವಾಸ ಕಂಪನಿಯ ಹುಡುಗಿ ಫೋನಿನಲ್ಲಿ, "ಸರ್, ಡೇಟ್ ಹೇಳಿ, ಟಿಕೆಟ್ ಮಾಡಬೇಕು" ಎಂದಾಗ ನಾನು ಸಹಜವಾಗಿ, "ಹೂ ಮಳೆ ಆದ ಮೇಲೆ ಯಾವತ್ತಾದರೂ ಮಾಡಿ" ಎಂದೆ. ಅದು ಎಷ್ಟನೇ ತಾರೀಕು ಬರುತ್ತದೆಂದು ಆಕೆ ಕ್ಯಾಲೆಂಡರು ಹುಡುಕತೊಡಗಿದಳು. ನಾನು ಬೇರೆ ತಿಂಗಳುಗಳನ್ನು ಸೂಚಿಸಬಹುದಿತ್ತು. ಆದರೆ ನವೆಂಬರಿನಿಂದ ಕೊಯ್ಲು, ಮೇ ತಿಂಗಳಲ್ಲಿ ನೆರಳುಮರ ಸವರುವ ಮರಗಸಿ, ಜೂನಿಂದ ಮಳೆಗಾಲ, ಅದು ಮುಗಿದರೆ ಗೊಬ್ಬರ. ವರ್ಷದಲ್ಲಿ ನನಗೆ ಬಿಡುವಿರುವುದು ಬಹುಶಃ ಸತ್ತ ಮೇಲೆ. ಆಗ ಆ ಹುಡುಗಿಯೇ ತಾಳ್ಮೆಯಿಂದ ವಿವರಿಸಿದಳು: ಚೆರ್ರಿ ಹೂವಿಗೂ ಖಚಿತ ದಿನವಿಲ್ಲವಂತೆ, ಬಿಟ್ಟರೆ ವಾರದ ವೈಭವವಂತೆ, ಗಾಳಿಮಳೆ ಬಂದರೆ ಅದೂ ಇಲ್ಲವಂತೆ, ಅಲ್ಲಿನ ಜನರೆಲ್ಲ ಟೀವಿಯ ಮುಂದೆ ಕೂತು ಯಾವ ಊರಿನಲ್ಲಿ ಎಷ್ಟು ಅರಳಿತೆಂದು ದಿನವೂ ವಿಚಾರಿಸುತ್ತಾರಂತೆ.

ಸಮುದ್ರದಾಚೆ ಒಂದು ದೇಶಕ್ಕೆ ದೇಶವೇ ಆಕಾಶ ನೋಡಿಕೊಂಡು, ಬಂಧುಗಳಿಗೆ ಫೋನು ಹಚ್ಚಿ, 'ನಿಮ್ಮ ಕಡೆ ಬಿಟ್ಟಿತೇ?' ಎಂದು ಕೇಳುತ್ತ ಕೂತಿರುತ್ತದೆ ಎಂಬ ಕಲ್ಪನೆಯೇ ನನ್ನನ್ನು ಗೆದ್ದಿತು. ಅಪರಿಚಿತ ನಗರಗಳ ಬಗೆಗಿದ್ದ ಭಯ ಅರೆಗಳಿಗೆಯಲ್ಲಿ ಇಳಿಯಿತು. ಟೋಕಿಯೋ, ಕ್ಯೋಟೋಗಳೆಂದರೆ ಟೈ ಕಟ್ಟಿದ ರುದ್ರೇಶರು ತುಂಬಿದ ಊರುಗಳು. ಏಪ್ರಿಲ್ ಮೊದಲ ವಾರಕ್ಕೆ ಟಿಕೆಟ್ ಮಾಡಿ ಎಂದುಬಿಟ್ಟೆ. ಒಂದೇ ಒಂದು ವ್ಯತ್ಯಾಸ ಮಾತ್ರ ನನಗೆ ಅರ್ಥವಾಗಲಿಲ್ಲ. ಹೂವು ಬಿಟ್ಟೊಡನೆ ಅವರು ರಜೆ ಹಾಕಿ, ಬುತ್ತಿ ಕಟ್ಟಿಕೊಂಡು, ಮರದ ಕೆಳಗೆ ಚಾಪೆ ಹಾಸಿ ಕೂರುತ್ತಾರಂತೆ, ಸುಮ್ಮನೆ.

ಮಾರ್ಚ್ ಬಂತು, ಮಳೆ ಬರಲಿಲ್ಲ. ಮಧ್ಯಾಹ್ನ ಮೋಡ ಕಟ್ಟುವುದು, ಸಂಜೆಗೆ ಬಿಸಿಲೆ ಘಾಟಿಯ ಕಡೆಗೆ ತೇಲಿಹೋಗುವುದು. ಹೊಸಕೋಟೆಯಲ್ಲಿ ಬಿತ್ತು, ನಮ್ಮಲ್ಲಿಲ್ಲ. ನನ್ನ ಜಪಾನೀ ಧೈರ್ಯ ದಿನಕ್ಕಿಷ್ಟು ಆವಿಯಾಗತೊಡಗಿತು. ಕಡೆಗೊಂದು ಸಂಜೆ, ಟಿಕೆಟ್ಟು ರದ್ದು ಮಾಡುವ ಮಾತನ್ನು ನಾಲಗೆಯ ತುದಿಯಲ್ಲಿಟ್ಟುಕೊಂಡು ವಿಶಾಲಾಕ್ಷಿಯನ್ನು ಹುಡುಕಿ ಹೊರಟೆ.

ಆಕೆ ಕಣದಲ್ಲಿದ್ದಳು. ಕಾಫಿ ಒಣಗಿಸುವ ಆ ಸಿಮೆಂಟಿನ ಅಂಗಳವೊಂದೇ ನಮ್ಮ ಇಡೀ ಆಸ್ತಿಯಲ್ಲಿ ಮಟ್ಟಸವಾದ ಜಾಗ. ಸೀರೆಯ ಕೆಳಗೆ ಹೊಸ ಕ್ಯಾನ್ವಾಸ್ ಬೂಟು ತೊಟ್ಟು, ನೀಲಿ ಪೆಟ್ಟಿಗೆಯನ್ನು ಎಳೆದುಕೊಂಡು, ಕಣದ ಈ ತುದಿಯಿಂದ ಆ ತುದಿಗೆ ಬಿರಬಿರನೆ ನಡೆದು, ತಿರುಗಿ ಮತ್ತೆ ಬರುತ್ತಿದ್ದಳು. ದೊಡ್ಡ ಸ್ಟೇಷನ್ನುಗಳಲ್ಲಿ ಜನರ ನಡುವೆ ನಡೆಯುವುದಕ್ಕೆ ಅಭ್ಯಾಸವಂತೆ. ಆಕೆಯ ಮುಖದಲ್ಲಿದ್ದ ಸಂತೋಷ ಕಣದ ಈ ತುದಿಗೂ ಕಾಣುತ್ತಿತ್ತು. ಆದರೂ ಹೇಳಿದೆ. "ಈ ಸಲ ಬ್ಯಾಡ ಅನ್ಸುತ್ತೆ ಕಣೇ. ಮಳೆನೇ ಆಗಿಲ್ಲ. ಮುಂದಿನ ವರ್ಷ ಹೋದ್ರಾಯ್ತು."

ಪೆಟ್ಟಿಗೆ ನಿಂತಿತು. ಆಕೆ ಕೋಪಿಸಿಕೊಳ್ಳಲಿಲ್ಲ, ಅದು ಇನ್ನೂ ಕಷ್ಟ.

"ನೀವು ಇಲ್ಲಿದ್ರೆ ಮಳೆ ಬರುತ್ತೇನ್ರೀ?" ಎಂದಳು. "ಮುಂದಿನ ವರ್ಷನೂ ಇದೇ ಮೋಡ, ಇದೇ ಮಾರ್ಚು. ನಾನು ಈ ಮನೆಗೆ ಬಂದಾಗಿಂದ ಹೂವು ಬಿಟ್ಟಾಗೆಲ್ಲ ಜಗಲಿ ಮೇಲೆ ನಿಂತ್ಕಂಡೇ ನೋಡೀನಿ. ಒಂದು ದಿನನಾದ್ರೂ ನಾವಿಬ್ರೂ ಅದರ ಕೆಳಗೆ ಕೂತಿದ್ದು ಐತಾ? ಅದಕ್ಕೇ ಕಣ್ರೀ, ಕೂರಕೆ ಬಿಡೋ ಊರಿಗೆ ಹೋಗಾನ ಅಂದಿದ್ದು."

ನನಗೆ ನಿಜಕ್ಕೂ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ದುಃಖವಾಯಿತು. ಕ್ಯೋಟೋ ಎಂದರೆ ಕಡ್ಡಿಗಳ ತವರು ಎಂದುಕೊಂಡಿದ್ದೆ; ನಾನು ಗಳು ಕಟ್ಟಿ ಮುಚ್ಚಿದ ದಾರಿಯೇ ಅಷ್ಟು ದೂರ ಸುತ್ತಿ ಅಲ್ಲಿಗೆ ಹೋಗಿ ಮುಟ್ಟಿತ್ತು. ಇನ್ನು ಮಳೆಯ ಪ್ರಶ್ನೆ. ಮೂರು ತಲೆಮಾರು ಆಕಾಶ ನೋಡಿ ನಮ್ಮ ಕತ್ತು ನೋಯಿಸಿಕೊಂಡೆವೇ ಹೊರತು ಒಂದು ಸೆಂಟು ಮಳೆಯನ್ನೂ ಇಳಿಸಿದವರಲ್ಲ. ನಾನು ಹೇಳಿದ್ದು ಇಷ್ಟೇ: "ಆಯ್ತು. ಬಂದ್ರೂ ಹೋಗಾನ, ಬರದಿದ್ರೂ ಹೋಗಾನ." ವಿಶಾಲಾಕ್ಷಿ ಪೆಟ್ಟಿಗೆಯ ಹಿಡಿಯನ್ನು ನನ್ನ ಕೈಗಿತ್ತಳು, ನಾನೂ ಎರಡು ಸುತ್ತು ಎಳೆದೆ.

ನನ್ನ ಕಾವಲಿನಿಂದ ಬಿಡುಗಡೆ ಸಿಕ್ಕಿತೆಂದೋ ಏನೋ, ಆ ವಾರದ ಕೊನೆಗೆ ಮಳೆ ಬಂತು, ಒಂದು ಇಂಚಿನ ಮೇಲೆ. ರುದ್ರೇಶನಿಗೆ ಫೋನು ಮಾಡಿ ಜಂಭ ಕೊಚ್ಚುವ ಮುನ್ನ, ಮೊದಲ ಬಾರಿಗೆ, ನಾನು ಒಳಗೆ ಹೋಗಿ ಹೆಂಡತಿಗೆ ಹೇಳಿದೆ. ಆಮೇಲೆ ಬೆರಳು ಮಡಿಸಿ ಲೆಕ್ಕ ಹಾಕಿದಾಗ ತಿಳಿಯಿತು, ತೋಟ ಅರಳುವುದೂ ನಾವು ಹೊರಡುವುದೂ ಒಂದೇ ಬೆಳಿಗ್ಗೆ.

ಆ ಬೆಳಿಗ್ಗೆ ಬಾಗಿಲು ತೆರೆದರೆ ಗುಡ್ಡವೇ ಬೆಳ್ಳಗೆ. ಮಲ್ಲಿಗೆಯಂಥ ಆ ಪರಿಮಳಕ್ಕೆ ಜೇನುನೊಣಗಳ ಝೇಂಕಾರವೇ ಶ್ರುತಿ. ನಮ್ಮನ್ನು ಬೆಂಗಳೂರಿಗೆ ಕರೆದೊಯ್ಯಲು ಜೀಪು ತಂದಿದ್ದ ರುದ್ರೇಶ ತಿಂಡಿ ತಿನ್ನುತ್ತಿದ್ದ. ನಾನು ಒಂದು ಕೈಯಲ್ಲಿ ಜೀಪಿಗೇರಿಸಲೆಂದು ಎತ್ತಿದ್ದ ಪೆಟ್ಟಿಗೆ, ಇನ್ನೊಂದು ಕೈಯಲ್ಲಿ ಕಾಫಿಯ ಫ್ಲಾಸ್ಕು ಹಿಡಿದು, ವಿಶಾಲಾಕ್ಷಿಯನ್ನು ಕರೆದುಕೊಂಡು ತೋಟದ ದಾರಿಗಿಳಿದೆ. ಬಿದಿರಿನ ಗಳುವಿನ ಬಳಿ ಪುಟ್ಟಸ್ವಾಮಿ ಕರ್ತವ್ಯನಿರತನಾಗಿ ನಿಂತಿದ್ದ.

"ಒಳಗೆ ಯಾರೂ ಹೋಗಂಗಿಲ್ಲ, ಗೌಡ್ರು ಬೈತಾರೆ" ಎಂದ, ನನಗೇ.

"ಗೌಡ್ರು ಊರಲ್ಲಿಲ್ಲ ಕಣೋ, ಜಪಾನಿಗೆ ಹೋಗ್ಬುಟ್ಟವ್ರೆ" ಎಂದು ಗಳುವನ್ನು ನಾನೇ ಎತ್ತಿದೆ.

ನೆಲ ಇಬ್ಬನಿಗೆ ತೊಯ್ದಿತ್ತು, ಚಾಪೆ ತಂದಿರಲಿಲ್ಲ. ನೆರಳಿಗೆ ಬೆಳೆಸಿದ ಸಿಲ್ವರ್ ಓಕ್ ಮರದಡಿ ಪೆಟ್ಟಿಗೆಯನ್ನು ಅಡ್ಡ ಮಲಗಿಸಿ ಅದರ ಮೇಲೆ ಇಬ್ಬರೂ ಕೂತೆವು. ಒಳಗಿದ್ದ ಕಣಿಲೆ ಉಪ್ಪಿನಕಾಯಿಯ ಡಬ್ಬಿ ಗಟ್ಟಿಯಾಗಿದ್ದುದರಿಂದ ಪೆಟ್ಟಿಗೆ ನಮ್ಮ ಭಾರ ತಡೆಯಿತು. ತಲೆಯ ಮಟ್ಟಕ್ಕೆ ಬಾಗಿದ ರೆಂಬೆಗಳು, ಎಲೆ ಕಾಣದಷ್ಟು ಹೂವು. ಎಷ್ಟು ಕಾಯಿ ಕಟ್ಟೀತೆಂದು ಅಭ್ಯಾಸಬಲದಿಂದ ಎಣಿಸಹೊರಟ ನನ್ನ ಕಣ್ಣನ್ನು ಗದರಿಸಿ ಸುಮ್ಮನಾಗಿಸಿದೆ. ವಿಶಾಲಾಕ್ಷಿ ಫ್ಲಾಸ್ಕಿನ ಮುಚ್ಚಳದಲ್ಲಿ ಕಾಫಿ ಕುಡಿದು ನನಗೆ ಕೊಟ್ಟಳು. ನಾನು ಟೋಕಿಯೋದಲ್ಲಿ ನೋಡಬೇಕೆಂದಿದ್ದ ಮುಖ ಅಲ್ಲೇ, ಮೊಣಕೈ ತಾಗುವಷ್ಟು ಹತ್ತಿರದಲ್ಲಿತ್ತು.

ಮೇಲಿನಿಂದ ಜೀಪಿನ ಹಾರ್ನು ಕೇಳಿತು, ಹಿಂದೆಯೇ ರುದ್ರೇಶನ ದನಿ. "ಭಾವ, ಅದು ವಿಮಾನ ಮಾರಾಯ್ರೆ, ಯಸಳೂರು ಬಸ್ಸಲ್ಲ."

ಎದ್ದೆವು. ಆ ಏರಿನಲ್ಲಿ ಪೆಟ್ಟಿಗೆ ಉರುಳುವ ಮಾತೇ ಇರಲಿಲ್ಲ. ಪುಟ್ಟಸ್ವಾಮಿಯನ್ನು ಕೂಗಲು ಮನಸ್ಸಾಗಲಿಲ್ಲ. ಟವಲು ಸುತ್ತಿ, ಸಿಂಬೆ ಮಾಡಿ, ಜೀವನದಲ್ಲಿ ಮೊದಲ ಸಲ ನಾನೇ ಅದನ್ನು ಮಕಾಡೆ ತಲೆಗೇರಿಸಿ, ರೆಂಬೆಗಳಿಗೆ ತಾಗದಂತೆ ಬಾಗುತ್ತ, ಏದುಸಿರು ಬಿಡುತ್ತ ಹತ್ತತೊಡಗಿದೆ. ಹಿಂದಿನಿಂದ ವಿಶಾಲಾಕ್ಷಿಯ ನಗು ಕೇಳಿಸಿತು.

"ಏನೇ?" ಎಂದೆ.

"ನಿಮ್ ತಲೆ ಮೇಲೆ ಗಾಲಿ ತಿರುಗ್ತಾ ಐತೆ ಕಣ್ರೀ" ಎಂದಳು. "ನಿಲ್ಬ್ಯಾಡಿ, ನಡೀರಿ."